ಒಂದೇ ಸರ್ವರ್, ಎರಡು ಬಗೆಯ ವಿಳಾಸ: ನಿಮ್ಮ ತಾಣಕ್ಕೆ ಐಪಿವಿ6 ಸೇರಿಸುವ ಕ್ರಮ

ಪ್ರಶ್ನೆಗಳು ಬೇರೆ ಬೇರೆ ಮಾತಿನಲ್ಲಿ ಬರುತ್ತವೆ, ಬೇರು ಒಂದೇ. “ಲ್ಯಾಪ್‌ಟಾಪಿನಲ್ಲಿ ನನ್ನ ತಾಣ ಸರಿಯಾಗಿ ತೆರೆಯುತ್ತೆ, ಮೊಬೈಲ್ ಡೇಟಾದಲ್ಲಿ ನೋಡಿದ್ರೆ ಇನ್ಯಾವುದೋ ತಾಣ ಬರುತ್ತೆ.” “ಐಪಿವಿ6 ಹಾಕಿದ ಮೇಲೆ ಸರ್ಟಿಫಿಕೇಟ್ ರಿನ್ಯೂ ಆಗ್ತಿಲ್ಲ.” “ಸಂಪರ್ಕ ಫಾರ್ಮಿನ ಮೇಲ್ ಜಿಮೇಲಿಗೆ ಹೋಗೋದು ನಿಂತುಹೋಯ್ತು.” ಇಂಥವರಿಗೆಲ್ಲ ನಾನು ಮೊದಲು ಕೇಳುವುದು ಒಂದೇ: ಡಿಎನ್‌ಎಸ್‌ನಲ್ಲಿ (ತಾಣದ ಹೆಸರಿಗೆ ವಿಳಾಸ ಹೇಳುವ ವ್ಯವಸ್ಥೆ) ಹೊಸ ರೆಕಾರ್ಡ್ ಯಾವಾಗ ಸೇರಿಸಿದಿರಿ? ಉತ್ತರ ಹೆಚ್ಚಾಗಿ “ಮೊದಲು ಅದನ್ನೇ ಮಾಡಿದ್ದು” ಎಂದಿರುತ್ತದೆ. ಮನೆಗೆ ಸೂರು ಹಾಕುವ ಮೊದಲೇ ಗೃಹಪ್ರವೇಶದ ಆಮಂತ್ರಣ ಹಂಚಿದ ಹಾಗೆ.

ಆದ್ದರಿಂದ ಈ ಲೇಖನದಲ್ಲಿ ಕ್ರಮಕ್ಕೇ ಹೆಚ್ಚು ಒತ್ತು. ಒಂದೊಂದು ಹಂತವೂ ಸುಲಭದ್ದೇ. ಹಿಂದುಮುಂದಾದರೆ ಮಾತ್ರ ತಲೆನೋವು.

ಹಿನ್ನೆಲೆ, ಚುಟುಕಾಗಿ

ಹಳೆಯ ವಿಳಾಸ ಅಂದರೆ ಐಪಿವಿ4. 203.0.113.10 ಎಂಬಂತೆ ನಾಲ್ಕು ಸಂಖ್ಯೆಗಳ ಗುಂಪು. ಇದು 32 ಬಿಟ್‌ನದು, ಹಾಗಾಗಿ ಒಟ್ಟು ವಿಳಾಸಗಳು ಸುಮಾರು 430 ಕೋಟಿ ಮಾತ್ರ. ಜಾಗತಿಕ ದಾಸ್ತಾನಿನಲ್ಲಿ ಉಳಿದಿದ್ದ ಕೊನೆಯ ಕಂತನ್ನು 2011ರ ಫೆಬ್ರುವರಿ 3ರಂದು ಹಂಚಿ ಮುಗಿಸಿದರು. ಹೊಸ ವಿಳಾಸ ಅಂದರೆ ಐಪಿವಿ6. 128 ಬಿಟ್‌ನದು, 2001:ಡಿಬಿ8::10 ಎಂಬಂತೆ ಕೋಲನ್ ಹಾಕಿ ಬರೆಯುತ್ತಾರೆ. ನಡುವಿನ ಸೊನ್ನೆಗಳ ಸಾಲನ್ನು ಜೋಡಿ ಕೋಲನ್ ನುಂಗಿಕೊಳ್ಳುತ್ತದೆ. ಆದರೆ ಒಂದು ವಿಳಾಸದಲ್ಲಿ ಒಂದೇ ಸಲ. ಮೊದಲ ಪೂರ್ಣ ಕರಡು ಬಂದದ್ದು 1990ರ ದಶಕದಲ್ಲೇ. ಅಂದರೆ “ಹೊಸ” ವಿಳಾಸಕ್ಕೂ ಕಾಲು ಶತಮಾನ ದಾಟಿದೆ.

ಇವೆರಡೂ ಒಂದರೊಡನೊಂದು ನೇರವಾಗಿ ಮಾತಾಡಲಾರವು. ಐಪಿವಿ6 ಮಾತ್ರ ಇರುವ ಫೋನ್ ಐಪಿವಿ4 ಮಾತ್ರ ಇರುವ ಸರ್ವರನ್ನು ತಲುಪಬೇಕಾದರೆ ನಡುವೆ ದುಭಾಷಿ ಬೇಕು. ಆ ದುಭಾಷಿಯನ್ನು ಮೊಬೈಲ್ ಕಂಪನಿ ಇಟ್ಟಿರುವುದರಿಂದಲೇ ನಿಮ್ಮ ತಾಣ ಇಂದಿಗೂ ತೆರೆಯುತ್ತಿದೆ. ಸರ್ವರ್ ಎರಡೂ ವಿಳಾಸಗಳಲ್ಲಿ ಓಗೊಡುವ ವ್ಯವಸ್ಥೆಗೆ ಡ್ಯುಯಲ್ ಸ್ಟ್ಯಾಕ್ ಎನ್ನುತ್ತಾರೆ.

“ಐಪಿವಿ4 ನಡೀತಾ ಇದೆಯಲ್ಲ, ಇದೆಲ್ಲ ಯಾಕೆ?” ಅನ್ನುವವರಿಗೆ ಎರಡು ಕಾರಣ ಹೇಳುತ್ತೇನೆ. ಐಪಿವಿ6 ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯ ದೇಶಗಳಲ್ಲೊಂದು. ಜಿಯೋ 2016ರಲ್ಲಿ 4ಜಿ ಸೇವೆ ಶುರುಮಾಡಿದ್ದೇ ಐಪಿವಿ6 ಇಟ್ಟುಕೊಂಡು. ಹಾಗಾಗಿ ಫೋನಿನಲ್ಲಿ ಓದುವ ಕನ್ನಡ ಓದುಗರು ನಿಮ್ಮ ಸರ್ವರಿಗೆ ಒಂದೇ ಐಪಿವಿ4 ವಿಳಾಸದ ಹಿಂದೆ ಗುಂಪಾಗಿ ನಿಂತಂತೆ ಕಾಣುತ್ತಾರೆ. ಒಬ್ಬ ಕಿಡಿಗೇಡಿಯನ್ನು ಬ್ಲಾಕ್ ಮಾಡಹೋಗಿ ಆ ಗುಂಪಿಗೆಲ್ಲ ಬಾಗಿಲು ಮುಚ್ಚಿದವರನ್ನು ನೋಡಿದ್ದೇನೆ. ಎರಡನೆಯದು ದುಡ್ಡು. ಅಮೆಜಾನ್ ಕ್ಲೌಡ್ 2024ರ ಫೆಬ್ರುವರಿಯಿಂದ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೆ ಗಂಟೆಗೆ ಅರ್ಧ ಸೆಂಟ್, ಅಂದರೆ ತಿಂಗಳಿಗೆ ಸುಮಾರು 3.6 ಡಾಲರ್ ಶುಲ್ಕ ಇಟ್ಟಿದೆ.

ಕೈಯಲ್ಲಿ ಇರಬೇಕಾದದ್ದು

ಉಬುಂಟು ಅಥವಾ ಡೆಬಿಯನ್ ಇರುವ ಒಂದು ವಿಪಿಎಸ್ (ಬಾಡಿಗೆಗೆ ಪಡೆದ ಸರ್ವರ್), ಅದರಲ್ಲಿ ರೂಟ್ ಅಧಿಕಾರ, ಎಂಜಿನ್‌ಎಕ್ಸ್ ಅಥವಾ ಅಪಾಚೆ (ಪುಟ ಬಡಿಸುವ ವೆಬ್ ಸರ್ವರ್ ತಂತ್ರಾಂಶಗಳು), ಡೊಮೇನಿನ ಡಿಎನ್‌ಎಸ್ ಬದಲಿಸುವ ಲಾಗಿನ್. ಜೊತೆಗೆ ಎಸ್‌ಎಸ್‌ಎಚ್ (ದೂರದಿಂದ ಸರ್ವರಿಗೆ ಲಾಗಿನ್ ಆಗುವ ದಾರಿ) ಕೈಕೊಟ್ಟರೆ ಒಳಹೋಗಲು ಹೋಸ್ಟಿಂಗ್ ಕಂಪನಿಯ ವೆಬ್ ಕನ್ಸೋಲ್. ಇದೊಂದನ್ನು ಮೊದಲೇ ತೆರೆದು ನೋಡಿಟ್ಟುಕೊಳ್ಳಿ. ನೆಟ್‌ವರ್ಕ್ ಫೈಲಿಗೆ ಕೈಹಾಕುವವರು ಒಂದಲ್ಲ ಒಂದು ದಿನ ತಮ್ಮನ್ನೇ ಹೊರಗೆ ಹಾಕಿಕೊಳ್ಳುತ್ತಾರೆ.

ಕ್ಲೌಡ್‌ಫ್ಲೇರ್‌ನಂಥ ಸಿಡಿಎನ್ (ಓದುಗರಿಗೂ ನಿಮ್ಮ ಸರ್ವರಿಗೂ ನಡುವೆ ನಿಂತು ಪುಟ ತಲುಪಿಸುವ ಜಾಲ) ಹಿಂದೆ ನಿಮ್ಮ ತಾಣ ಇದ್ದರೆ ಓದುಗರಿಗೆ ಐಪಿವಿ6 ಆಗಲೇ ಸಿಗುತ್ತಿರಬಹುದು. ಆಗ 4ನೇ ಹಂತವನ್ನಷ್ಟೇ ಓದಿದರೆ ಸಾಕು.

ಕಮಾಂಡುಗಳ ಬಗ್ಗೆ ಒಂದು ಮಾತು: ಇಲ್ಲಿ ಅವನ್ನು ಉಚ್ಚಾರದಂತೆ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು. ಇಲ್ಲಿಂದ ಕಾಪಿ ಮಾಡಿ ಅಂಟಿಸಿದರೆ ನಡೆಯದು. ಉದಾಹರಣೆಗೆ ಬಳಸಿದ 2001:ಡಿಬಿ8 ಎಂದು ಶುರುವಾಗುವ ವಿಳಾಸ ದಾಖಲೆಗಳಿಗೆಂದೇ ಮೀಸಲಿಟ್ಟದ್ದು, ಅದರ ಜಾಗದಲ್ಲಿ ನಿಮ್ಮದನ್ನು ಹಾಕಿಕೊಳ್ಳಿ.

1. ಸರ್ವರಿಗೆ ವಿಳಾಸ ಕೊಡಿಸಿ

ಮೊದಲು ಇದೆಯೋ ಇಲ್ಲವೋ ನೋಡಿ:

ಐಪಿ -6 ಅಡ್ರೆಸ್

ಬರೀ ಎಫ್‌ಇ80 ಎಂದು ಶುರುವಾಗುವ ವಿಳಾಸ ಕಂಡರೆ ಹಿಗ್ಗಬೇಡಿ. ಅದು ಲಿಂಕ್ ಲೋಕಲ್, ಅಂದರೆ ಪಕ್ಕದ ಯಂತ್ರಗಳೊಡನೆ ಮಾತಾಡಲಷ್ಟೇ ಬರುವಂಥದ್ದು, ಬೀದಿಗೆ ಬಾರದು. 2 ಅಥವಾ 3ರಿಂದ ಶುರುವಾಗುವ, ಮುಂದೆ ಸ್ಕೋಪ್ ಗ್ಲೋಬಲ್ ಎಂದಿರುವ ವಿಳಾಸ ನಿಮಗೆ ಬೇಕು. ಇಲ್ಲದಿದ್ದರೆ ಹೋಸ್ಟಿಂಗ್ ಕಂಪನಿಯ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಐಪಿವಿ6 ಆನ್ ಮಾಡಿ. ಸಾಮಾನ್ಯವಾಗಿ ಒಂದು /64 ಕೊಡುತ್ತಾರೆ: ಮೊದಲ 64 ಬಿಟ್ ಅವರದು, ಉಳಿದ 64 ಬಿಟ್‌ನಲ್ಲಿ ನಿಮ್ಮಿಷ್ಟದ ಸಂಖ್ಯೆ.

ಅಮೆಜಾನ್ ಕ್ಲೌಡಿನಲ್ಲಿ ನಾಲ್ಕು ಕಡೆ ಕೈಯಾಡಿಸಬೇಕು. ವಿಪಿಸಿಗೆ (ಅಲ್ಲಿ ನಿಮಗೆಂದೇ ಇರುವ ಖಾಸಗಿ ಜಾಲ) /56 ಪಡೆಯಬೇಕು, ಸಬ್‌ನೆಟ್‌ಗೆ (ಆ ಜಾಲದ ಒಂದು ಭಾಗ) ಅದರಿಂದ /64 ಕೊಡಬೇಕು, ರೂಟ್ ಟೇಬಲ್‌ನಲ್ಲಿ ::/0 (ಅಂದರೆ ಎಲ್ಲ ಐಪಿವಿ6 ವಿಳಾಸಗಳು) ಅನ್ನು ಇಂಟರ್ನೆಟ್ ಗೇಟ್‌ವೇ ಕಡೆ ತಿರುಗಿಸಬೇಕು, ಆಮೇಲೆ ಸರ್ವರಿಗೆ ವಿಳಾಸ ಅಂಟಿಸಬೇಕು. ಜನ ಮರೆಯುವುದು ಮೂರನೆಯದನ್ನು.

ವಿಳಾಸವನ್ನು ಸ್ಥಿರವಾಗಿಡಿ. ತಾನಾಗಿ ಹುಟ್ಟಿಕೊಳ್ಳುವ ವಿಳಾಸ ಲ್ಯಾಪ್‌ಟಾಪಿಗೆ ಸರಿ. ಸರ್ವರಿಗೆ ಅದು ಬೇಡ, ನಾಳೆ ಯಂತ್ರ ಬದಲಾದರೆ ವಿಳಾಸವೂ ಬದಲಾದೀತು. ಉಬುಂಟುವಿನಲ್ಲಿ ನೆಟ್‌ಪ್ಲಾನ್ ಫೈಲಿನಲ್ಲಿ ವಿಳಾಸವನ್ನು ಉದ್ಧರಣ ಚಿಹ್ನೆಯೊಳಗೆ, ಕೊನೆಗೆ /64 ಸೇರಿಸಿ ಬರೆಯಿರಿ. ಗೇಟ್‌ವೇ (ಹೊರಜಾಲಕ್ಕೆ ದಾಟಿಸುವ ರೂಟರ್) ಯಾವುದೆಂದು ಹೋಸ್ಟಿಂಗ್ ಕಂಪನಿಯ ಪುಟದಲ್ಲೇ ನೋಡಿ. ಕೆಲವು ಕಡೆ ಅದು ಎಫ್‌ಇ80::1 ಆಗಿರುತ್ತದೆ, ತಪ್ಪಲ್ಲ. ಬದಲಾವಣೆ ಜಾರಿಮಾಡುವಾಗ ನೆಟ್‌ಪ್ಲಾನ್ ಅಪ್ಲೈ ಬೇಡ. ನೆಟ್‌ಪ್ಲಾನ್ ಟ್ರೈ ಹೊಡೆಯಿರಿ. ಎರಡು ನಿಮಿಷದೊಳಗೆ ನೀವು ಒಪ್ಪಿಗೆ ಕೊಡದಿದ್ದರೆ ಅದು ಹಳೆಯ ಸ್ಥಿತಿಗೆ ತಾನೇ ಮರಳುತ್ತದೆ.

ಆಮೇಲೆ ಹೊರಗಿನ ಯಾವುದಾದರೂ ತಾಣಕ್ಕೆ ಪಿಂಗ್ -6 ಮಾಡಿ. ಉತ್ತರ ಬಂದರೆ ದಾರಿ ತೆರೆದಿದೆ.

ಇಲ್ಲಿ ಎರಡು ಗುಂಡಿಗಳಿವೆ. ಒಂದು, ಈಗ ಸರಿಯಿದ್ದದ್ದು ಅರ್ಧ ಗಂಟೆಯ ಮೇಲೆ ಸತ್ತುಹೋಗುವುದು. ರೂಟರ್ ಪ್ರಕಟಣೆಯಿಂದ ದಾರಿ ಕಲಿಯುವ ಸರ್ವರಿನಲ್ಲಿ ಕಂಟೇನರುಗಳಿಗಾಗಿ (ಸರ್ವರಿನೊಳಗೆ ಪ್ರತ್ಯೇಕವಾಗಿ ಓಡುವ ಅಪ್ಲಿಕೇಶನ್ ಪೆಟ್ಟಿಗೆಗಳು) ಐಪಿವಿ6 ಫಾರ್ವರ್ಡಿಂಗ್ ಆನ್ ಮಾಡಿದರೆ ಲಿನಕ್ಸ್ ಆ ಪ್ರಕಟಣೆಗಳಿಗೆ ಕಿವಿಗೊಡುವುದನ್ನು ನಿಲ್ಲಿಸುತ್ತದೆ. ಹಳೆಯ ದಾರಿಯ ಅವಧಿ ಮುಗಿದ ಕೂಡಲೇ ಸಂಪರ್ಕ ಕಡಿಯುತ್ತದೆ. ಗೇಟ್‌ವೇಯನ್ನು ಕೈಯಾರೆ ಬರೆದಿಟ್ಟರೆ ಈ ಗೊಡವೆಯಿಲ್ಲ.

ಇನ್ನೊಂದು ಮೇಲ್. ಇದು ಡಿಎನ್‌ಎಸ್‌ಗೆ ಕಾಯುವುದಿಲ್ಲ, ಸರ್ವರಿಗೆ ಹೊಸ ವಿಳಾಸ ಸಿಕ್ಕ ಕ್ಷಣದಿಂದಲೇ ಹೊರಹೋಗುವ ಮೇಲ್ ಐಪಿವಿ6 ದಾರಿ ಹಿಡಿಯಬಹುದು. ಆ ವಿಳಾಸಕ್ಕೆ ಪಿಟಿಆರ್ ರೆಕಾರ್ಡ್ (ವಿಳಾಸದಿಂದ ಹೆಸರು ಹುಡುಕುವ ಉಲ್ಟಾ ದಾಖಲೆ) ಇಲ್ಲದಿದ್ದರೆ ಜಿಮೇಲ್ ಬಾಗಿಲಲ್ಲೇ ತಡೆಯುತ್ತದೆ. ಎರಡು ಪರಿಹಾರಗಳಿವೆ. ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಪಿಟಿಆರ್ ಹಾಕಿಸಿ ಎಸ್‌ಪಿಎಫ್ ರೆಕಾರ್ಡಿನಲ್ಲಿ (ನಿಮ್ಮ ಹೆಸರಲ್ಲಿ ಮೇಲ್ ಕಳಿಸಬಹುದಾದ ವಿಳಾಸಗಳ ಪಟ್ಟಿ) ಐಪಿ6: ಎಂದು ಹೊಸ ವಿಳಾಸವನ್ನೂ ಸೇರಿಸುವುದು ಒಂದು. ಪೋಸ್ಟ್‌ಫಿಕ್ಸ್‌ನಲ್ಲಿ (ಮೇಲ್ ಕಳಿಸುವ ತಂತ್ರಾಂಶ) ಐನೆಟ್ ಪ್ರೋಟೋಕಾಲ್ಸ್ ಎಂಬ ಸೆಟ್ಟಿಂಗನ್ನು ಐಪಿವಿ4ಗೆ ಕಟ್ಟಿಹಾಕುವುದು ಇನ್ನೊಂದು. ಬರೀ ಸಂಪರ್ಕ ಫಾರ್ಮಿನ ಮೇಲ್ ಆದರೆ ನನ್ನ ಮತ ಎರಡನೆಯದಕ್ಕೆ.

2. ಫೈರ್‌ವಾಲ್: ಎರಡು ಬಾಗಿಲು, ಎರಡು ಬೀಗ

ಐಪಿವಿ4ಗೆ ಬರೆದ ಐಪಿಟೇಬಲ್ಸ್ (ಲಿನಕ್ಸ್‌ನ ಫೈರ್‌ವಾಲ್) ನಿಯಮಗಳು ಐಪಿವಿ6ಗೆ ಅನ್ವಯಿಸುವುದಿಲ್ಲ. ಅದಕ್ಕೆ ಐಪಿ6ಟೇಬಲ್ಸ್ ಎಂಬ ಬೇರೆಯೇ ಪಟ್ಟಿ ಇದೆ. ವೆಬ್‌ನ 80, 443 ಪೋರ್ಟುಗಳನ್ನು ತೆರೆಯದಿದ್ದರೆ ತಾಣ ಬರುವುದಿಲ್ಲ, ಅಷ್ಟೇ ತಾನೆ ಅನ್ನಬೇಡಿ. ಇದರ ಉಲ್ಟಾ ಅಪಾಯವೇ ದೊಡ್ಡದು. ಐಪಿವಿ4ನಲ್ಲಿ ಮುಚ್ಚಿಟ್ಟ ಡೇಟಾಬೇಸಿನ 3306 ಪೋರ್ಟ್ ಐಪಿವಿ6ನಲ್ಲಿ ಹಾರುಹೊಡೆದಿರಬಹುದು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ಮರೆತ ಕಥೆ ಅದು.

ಉಬುಂಟುವಿನ ಯುಎಫ್‌ಡಬ್ಲ್ಯೂ ಬಳಸುವವರು /ಇಟಿಸಿ/ಡಿಫಾಲ್ಟ್/ಯುಎಫ್‌ಡಬ್ಲ್ಯೂ ಫೈಲಿನಲ್ಲಿ ಐಪಿವಿ6=ಯೆಸ್ ಎಂದಿದೆಯೇ ನೋಡಿ. ಇಲ್ಲದಿದ್ದರೆ ಬದಲಿಸಿ, ಫೈರ್‌ವಾಲನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ, 22, 80, 443ರ ನಿಯಮಗಳನ್ನು ಮತ್ತೊಮ್ಮೆ ಸೇರಿಸಿ. ಯುಎಫ್‌ಡಬ್ಲ್ಯೂ ಸ್ಟೇಟಸ್ ಹೊಡೆದಾಗ ಪ್ರತಿ ನಿಯಮಕ್ಕೂ ವಿ6 ಎಂಬ ಗುರುತಿನ ಜೋಡಿ ಸಾಲು ಕಾಣಬೇಕು. ಎನ್‌ಎಫ್‌ಟೇಬಲ್ಸ್ ಬಳಸುವವರು ಟೇಬಲ್‌ನ ಬಗೆಯನ್ನು ಐನೆಟ್ ಎಂದಿಟ್ಟರೆ ಎರಡಕ್ಕೂ ಒಂದೇ ಪಟ್ಟಿ ಸಾಕು. ಕ್ಲೌಡ್ ಕಂಪನಿಯ ಹೊರಗಿನ ಫೈರ್‌ವಾಲ್ ಬೇರೆ ಇದೆ, ಅಲ್ಲಿ 0.0.0.0/0 ಎಂದಿರುವ ಕಡೆಯೆಲ್ಲ ::/0 ಎಂಬ ಇನ್ನೊಂದು ಸಾಲು ಬೇಕು.

ಇನ್ನು ಐಸಿಎಂಪಿ. ಪಿಂಗ್ ಸೇರಿದಂತೆ ಜಾಲದ ಸುದ್ದಿಗಳನ್ನು ಹೊತ್ತು ತರುವ ಸಂದೇಶವಾಹಕ ಇದು. ಐಪಿವಿ4 ಕಾಲದಲ್ಲಿ “ಪಿಂಗ್ ಬ್ಲಾಕ್ ಮಾಡಿದರೆ ಸುರಕ್ಷಿತ” ಎಂದು ಯಾರೋ ಹೇಳಿದ್ದನ್ನು ನಾವೆಲ್ಲ ಪಾಲಿಸಿದೆವು. ಐಪಿವಿ6ನಲ್ಲಿ ಆ ಅಭ್ಯಾಸ ತಾಣವನ್ನೇ ಕೊಲ್ಲುತ್ತದೆ. ಪಕ್ಕದ ರೂಟರನ್ನು ಗುರುತಿಸುವುದೂ ಐಸಿಎಂಪಿವಿ6 ಮೂಲಕವೇ (135, 136ನೇ ಬಗೆಯ ಸಂದೇಶಗಳು). ಜೊತೆಗೆ ಐಪಿವಿ6ನಲ್ಲಿ ದಾರಿಯ ರೂಟರುಗಳು ದೊಡ್ಡ ಪ್ಯಾಕೆಟನ್ನು ಒಡೆದು ಕಳಿಸುವುದಿಲ್ಲ. “ಇದು ದೊಡ್ಡದಾಯಿತು, ಚಿಕ್ಕದು ಮಾಡಿ ಕಳಿಸು” ಎಂದು 2ನೇ ಬಗೆಯ ಸಂದೇಶವನ್ನು ಸರ್ವರಿಗೆ ಹಿಂತಿರುಗಿಸುತ್ತವೆ. ಆ ಸಂದೇಶ ನಿಮ್ಮ ಫೈರ್‌ವಾಲ್‌ಗೆ ಬಡಿದು ಬಿದ್ದರೆ ಸರ್ವರಿಗೆ ವಿಷಯವೇ ತಿಳಿಯದು. ಲಕ್ಷಣ ವಿಚಿತ್ರವಾಗಿರುತ್ತದೆ. ಸಂಪರ್ಕ ಆಗುತ್ತದೆ, ಚಿಕ್ಕ ಪುಟ ಬರುತ್ತದೆ, ದೊಡ್ಡ ಪುಟ ಮಾತ್ರ ಕೆಲವರಿಗೆ ಅರ್ಧದಲ್ಲಿ ಕಲ್ಲಿನಂತೆ ನಿಲ್ಲುತ್ತದೆ. ಹೀಗೆ ಯಾರಾದರೂ ದೂರಿದರೆ ಮೊದಲು ಐಸಿಎಂಪಿವಿ6 ನಿಯಮ ನೋಡಿ. ಯುಎಫ್‌ಡಬ್ಲ್ಯೂ ಇವನ್ನು ತಾನಾಗಿ ಬಿಡುತ್ತದೆ. ಕೈಯಾರೆ ನಿಯಮ ಬರೆಯುವವರು ಎಚ್ಚರ.

3. ವೆಬ್ ಸರ್ವರ್

ಎಂಜಿನ್‌ಎಕ್ಸ್‌ನಲ್ಲಿ ಪ್ರತಿ ತಾಣದ ಸರ್ವರ್ ಬ್ಲಾಕಿನಲ್ಲೂ ಹೀಗೆ ಜೋಡಿ ಸಾಲುಗಳಿರಬೇಕು:

ಲಿಸನ್ 80;
ಲಿಸನ್ [::]:80;

ಎಚ್‌ಟಿಟಿಪಿಎಸ್ ಬ್ಲಾಕಿನಲ್ಲಿ:

ಲಿಸನ್ 443 ಎಸ್‌ಎಸ್‌ಎಲ್;
ಲಿಸನ್ [::]:443 ಎಸ್‌ಎಸ್‌ಎಲ್;

“ಪ್ರತಿ ತಾಣದ” ಎಂಬ ಮಾತನ್ನು ಇನ್ನೊಮ್ಮೆ ಓದಿ. ಮೊಬೈಲಿನಲ್ಲಿ ಬೇರೆ ತಾಣ ಕಾಣುವ ಸಮಸ್ಯೆ ಹುಟ್ಟುವುದು ಇಲ್ಲೇ. ಒಂದೇ ಸರ್ವರಿನಲ್ಲಿ ಮೂರು ತಾಣಗಳಿದ್ದು, ಒಂದರಲ್ಲಿ ಮಾತ್ರ [::] ಸಾಲು ಇದೆ ಎಂದುಕೊಳ್ಳಿ. ಐಪಿವಿ6 ಮೂಲಕ ಉಳಿದೆರಡು ತಾಣ ಕೇಳಿಕೊಂಡು ಬಂದವರಿಗೂ ಎಂಜಿನ್‌ಎಕ್ಸ್ ಆ ಒಂದನ್ನೇ ಬಡಿಸುತ್ತದೆ, ಅದರ ಸರ್ಟಿಫಿಕೇಟಿನ ಸಮೇತ. ಆ ವಿಳಾಸದಲ್ಲಿ ಅದಕ್ಕೆ ಗೊತ್ತಿರುವುದು ಅದೊಂದೇ. ಡೀಫಾಲ್ಟ್ ಸರ್ವರ್ ಎಂಬ ಪದವೂ ಹಾಗೆಯೇ, ಐಪಿವಿ4 ಸಾಲಿನಲ್ಲಿ ಬರೆದದ್ದು ಐಪಿವಿ6 ಸಾಲಿಗೆ ಹರಿಯುವುದಿಲ್ಲ, ಎರಡರಲ್ಲೂ ಬರೆಯಬೇಕು.

ಹಳೆಯ ಪಾಠಗಳಲ್ಲಿ ಐಪಿವಿ6ಓನ್ಲಿ=ಆಫ್ ಎಂದು ಸೇರಿಸಿ, ಒಂದೇ ಸಾಲಿನಲ್ಲಿ ಎರಡನ್ನೂ ನಿಭಾಯಿಸುವ ಸಲಹೆ ಸಿಗುತ್ತದೆ. ಅದನ್ನು ಲಿಸನ್ 80 ಜೊತೆಗೆ ಬರೆದರೆ 98ನೇ ದೋಷ ಬರುತ್ತದೆ, “ವಿಳಾಸ ಆಗಲೇ ಬಳಕೆಯಲ್ಲಿದೆ” ಎಂದು. ಎಂಜಿನ್‌ಎಕ್ಸ್ 1.3.4ರಿಂದೀಚೆಗೆ ಐಪಿವಿ6 ಸಾಲು ಐಪಿವಿ6ಗೆ ಮಾತ್ರ ಸೀಮಿತ ಎಂಬುದೇ ರೂಢಿ, ಆದ್ದರಿಂದ ಆ ಪದ ಬೇಕೇ ಇಲ್ಲ. ಹಲವು ಬ್ಲಾಕುಗಳಲ್ಲಿ ಬರೆದಿಟ್ಟರೂ ಲಿಸನ್ ಆಯ್ಕೆ ಪುನರಾವರ್ತನೆಯಾಗಿದೆ ಎಂದು ಗದರುತ್ತದೆ. ಎಲ್ಲ ಕಡೆಯಿಂದ ಅಳಿಸಿಬಿಡಿ.

ಎಂಜಿನ್‌ಎಕ್ಸ್ -ಟಿ ಹೊಡೆದು ತಪ್ಪಿಲ್ಲವೆಂದು ಖಚಿತಪಡಿಸಿಕೊಂಡು ರೀಲೋಡ್ ಮಾಡಿ.

ಅಪಾಚೆಯವರಿಗೆ ಕೆಲಸ ಕಡಿಮೆ. ಲಿನಕ್ಸ್‌ನಲ್ಲಿ ಬರೀ ಲಿಸನ್ 80 ಎಂದಿದ್ದರೆ ಎರಡೂ ಬಗೆಯ ವಿಳಾಸಗಳಿಗೆ ಅದೇ ಸಾಕು. ಲಿಸನ್ 0.0.0.0:80 ಎಂದಿದ್ದರೆ ಮಾತ್ರ ಐಪಿವಿ6 ಇಲ್ಲ. ವರ್ಚುವಲ್ ಹೋಸ್ಟ್ ಸಾಲಿನಲ್ಲಿ ನಕ್ಷತ್ರದ ಬದಲು ನಿಮ್ಮ ಐಪಿವಿ4 ಸಂಖ್ಯೆ ಬರೆದಿದ್ದರೆ ಅದನ್ನು *:443 ಎಂದು ಬದಲಿಸಿ.

ಈಗ ಎಸ್‌ಎಸ್ -ಟಿಎಲ್‌ಎನ್‌ಪಿ ಹೊಡೆಯಿರಿ. ಯಾವ ಪ್ರೋಗ್ರಾಂ ಯಾವ ಬಾಗಿಲಲ್ಲಿ ಕಾಯುತ್ತಿದೆ ಎಂದು ತೋರಿಸುತ್ತದೆ. ಎಂಜಿನ್‌ಎಕ್ಸ್‌ಗೆ 0.0.0.0:443 ಮತ್ತು [::]:443 ಎರಡೂ ಕಾಣಬೇಕು. ಅಪಾಚೆಗೆ *:443 ಒಂದೇ ಕಂಡರೂ ಸರಿ, ಅದು ಎರಡಕ್ಕೂ ಸೇರಿದ್ದು. ಇದೇ ಪಟ್ಟಿಯಲ್ಲಿ ಡೇಟಾಬೇಸ್ ಎಲ್ಲಿ ಕಾಯುತ್ತಿದೆ ಎಂದೂ ಕಣ್ಣಾಡಿಸಿ.

4. ಹಿಂದೆ ಕೂತಿರುವ ಅಪ್ಲಿಕೇಶನ್

ವೆಬ್ ಸರ್ವರ್ ಸಿದ್ಧವಾದ ಖುಷಿಯಲ್ಲಿ ಇದನ್ನು ಹಾರಿಸಿಬಿಡುವವರೇ ಹೆಚ್ಚು.

ಐಪಿ ವಿಳಾಸ ಉಳಿಸುವ ಡೇಟಾಬೇಸ್ ಕಾಲಂ 15 ಅಕ್ಷರದ್ದೇ? ಐಪಿವಿ4ಗೆ ಅದು ಸರಿ. ಐಪಿವಿ6 ವಿಳಾಸ 39 ಅಕ್ಷರದವರೆಗೆ ಹೋಗುತ್ತದೆ, ಐಪಿವಿ4 ಅನ್ನು ಒಳಗಿಟ್ಟು ಬರೆಯುವ ಬಗೆಯಲ್ಲಿ 45ರವರೆಗೂ. ಚಿಕ್ಕ ಕಾಲಂ ಒಂದೋ ವಿಳಾಸವನ್ನು ಕತ್ತರಿಸುತ್ತದೆ, ಇಲ್ಲವೇ ಪ್ರತಿಕ್ರಿಯೆ ಬರೆದವರ ಮುಖಕ್ಕೆ ದೋಷ ಎಸೆಯುತ್ತದೆ. 45ಕ್ಕೆ ಹಿಗ್ಗಿಸಿ.

ದುರ್ಬಳಕೆ ತಡೆಯಲು ಐಪಿ ಲೆಕ್ಕದಲ್ಲಿ ಮಿತಿ ಹಾಕಿದ್ದರೆ ಐಪಿವಿ6ನಲ್ಲಿ ಒಂದೊಂದೇ ವಿಳಾಸ ತಡೆದು ಉಪಯೋಗವಿಲ್ಲ. ಒಬ್ಬರ ಕೈಯಲ್ಲೇ ಒಂದು /64 ಪೂರ್ತಿ ಇರುತ್ತದೆ, ಕ್ಷಣಕ್ಕೊಂದು ವಿಳಾಸ ಬದಲಿಸಬಲ್ಲರು. ಲೆಕ್ಕವನ್ನು /64ಕ್ಕೆ ಇಡಿ. ಫೇಲ್2ಬ್ಯಾನ್ (ಕಿಡಿಗೇಡಿ ವಿಳಾಸಗಳನ್ನು ತಾನಾಗಿ ತಡೆಯುವ ತಂತ್ರಾಂಶ) ಬಳಸುವವರಿಗೆ 0.10 ಅಥವಾ ಅದರ ಮುಂದಿನ ಆವೃತ್ತಿ ಬೇಕು.

ಲಾಗಿನ್ ಸೆಶನ್ನನ್ನು ಐಪಿಗೆ ಗಂಟುಹಾಕಿದ್ದರೆ ಬಿಚ್ಚಿ. ಫೋನ್ ಒಂದು ಕ್ಷಣ ಐಪಿವಿ6, ಇನ್ನೊಂದು ಕ್ಷಣ ಐಪಿವಿ4 ಬಳಸಿದರೆ ಓದುಗರು ಕಾರಣವಿಲ್ಲದೆ ಲಾಗೌಟ್ ಆಗುತ್ತಿರುತ್ತಾರೆ. ಅಡ್ಮಿನ್ ಪುಟಕ್ಕೆ “ಈ ಐಪಿಯಿಂದ ಮಾತ್ರ” ಎಂಬ ಪಟ್ಟಿ ಇದ್ದರೆ ನಿಮ್ಮ ಮನೆಯ ಐಪಿವಿ6 ಪ್ರಿಫಿಕ್ಸನ್ನೂ ಅದರಲ್ಲಿ ಸೇರಿಸಿ, ಇಲ್ಲದಿದ್ದರೆ ನಿಮಗೇ ಪ್ರವೇಶವಿಲ್ಲ. ಸಿಡಿಎನ್ ಹಿಂದಿರುವವರು ಓದುಗರ ನಿಜವಾದ ವಿಳಾಸ ತಿಳಿಯಲು ಇಟ್ಟ ನಂಬಿಕೆಯ ಪಟ್ಟಿಯಲ್ಲಿ ಸಿಡಿಎನ್‌ನ ಐಪಿವಿ6 ವಿಳಾಸಗಳನ್ನೂ ಹಾಕಬೇಕು.

ಕೊನೆಯದು ಲೋಕಲ್‌ಹೋಸ್ಟ್. ಎಂಜಿನ್‌ಎಕ್ಸ್ ಹಿಂದೆ ನೋಡ್ ಅಥವಾ ಪೈಥಾನ್ ಅಪ್ಲಿಕೇಶನ್ ಇದ್ದು, ಪ್ರಾಕ್ಸಿ ಪಾಸ್‌ನಲ್ಲಿ (ಬೇಡಿಕೆಯನ್ನು ಅಪ್ಲಿಕೇಶನ್ನಿಗೆ ದಾಟಿಸುವ ಸಾಲು) ಲೋಕಲ್‌ಹೋಸ್ಟ್ ಎಂದು ಬರೆದಿದ್ದರೆ ಆ ಹೆಸರಿಗೆ 127.0.0.1 ಮತ್ತು ::1 ಎಂಬ ಎರಡು ಅರ್ಥಗಳಿವೆ. ಅಪ್ಲಿಕೇಶನ್ ಮೊದಲನೆಯದರಲ್ಲಿ ಮಾತ್ರ ಕಾಯುತ್ತಿದ್ದರೆ ಎರಡನೆಯದಕ್ಕೆ ಹೋದಾಗೆಲ್ಲ ಲಾಗಿನಲ್ಲಿ ಸಂಪರ್ಕ ನಿರಾಕರಣೆಯ ಸಾಲು ಬೀಳುತ್ತದೆ. 127.0.0.1 ಎಂದೇ ಬರೆಯಿರಿ. ಒಳಗಿನ ಮಾತುಕತೆಗೆ ಐಪಿವಿ4 ಇದ್ದರೆ ಯಾರ ಗಂಟೂ ಹೋಗುವುದಿಲ್ಲ.

5. ಡಿಎನ್‌ಎಸ್ ಮುಟ್ಟದೆ ಪರೀಕ್ಷೆ

ಐಪಿವಿ6 ಇರುವ ಬೇರೆ ಯಂತ್ರದಿಂದ ಪರೀಕ್ಷಿಸಬೇಕು. ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಇಲ್ಲದಿದ್ದರೆ ಫೋನಿನ ಹಾಟ್‌ಸ್ಪಾಟ್ ಹಚ್ಚಿ ಲ್ಯಾಪ್‌ಟಾಪ್ ಸೇರಿಸಿ, ಹೆಚ್ಚಿನ ಕಡೆ ಅಷ್ಟೇ ಸಾಕಾಗುತ್ತದೆ. ಆಮೇಲೆ:

ಕರ್ಲ್ -6 -ಐ --ರಿಸಾಲ್ವ್ ಎಕ್ಸಾಂಪಲ್.ಕಾಮ್:443:[2001:ಡಿಬಿ8::10] ಎಚ್‌ಟಿಟಿಪಿಎಸ್://ಎಕ್ಸಾಂಪಲ್.ಕಾಮ್/

ಇಲ್ಲಿ -ಐ ಎಂಬುದು ದೊಡ್ಡಕ್ಷರ. ಡಿಎನ್‌ಎಸ್ ಏನೇ ಹೇಳಲಿ, ಈ ಹೆಸರಿಗೆ ಈ ವಿಳಾಸ ಎಂದುಕೊ ಎಂದು ಕರ್ಲ್‌ಗೆ ಕಿವಿಯಲ್ಲಿ ಹೇಳುವ ಉಪಾಯ ಇದು. 200 ಬಂದು, ಸರ್ಟಿಫಿಕೇಟ್ ದೂರಿಲ್ಲದಿದ್ದರೆ ಸರಿ. ಸರ್ವರಿನಲ್ಲಿರುವ ಪ್ರತಿ ಡೊಮೇನಿಗೂ, ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವ ರೂಪಕ್ಕೂ ಇದನ್ನೇ ಮಾಡಿ. ಒಂದು ದೊಡ್ಡ ಚಿತ್ರವನ್ನೂ ಪೂರ್ತಿ ಇಳಿಸಿ ನೋಡಿ, 2ನೇ ಹಂತದ ಐಸಿಎಂಪಿ ತಪ್ಪಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ.

ಬ್ರೌಸರಿನಲ್ಲಿ ತೆರೆದು ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಬ್ರೌಸರುಗಳು ಐಪಿವಿ6ಗೆ ಮೊದಲು ಕೈಚಾಚಿ, ಸುಮಾರು ಕಾಲು ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಸದ್ದಿಲ್ಲದೆ ಐಪಿವಿ4 ಹಿಡಿಯುತ್ತವೆ. ಹ್ಯಾಪಿ ಐಬಾಲ್ಸ್ ಎಂದು ಇದರ ಹೆಸರು. ಓದುಗರಿಗೆ ಅದು ಉಪಕಾರ, ನಿಮಗೆ ಅಪಕಾರ. ಸಂಪರ್ಕ ಮುರಿದದ್ದು ನಿಮ್ಮ ಕಣ್ಣಿಗೇ ಬೀಳುವುದಿಲ್ಲ.

6. ಈಗ ಎಎಎಎ ರೆಕಾರ್ಡ್

ಹೆಸರಿಗೆ ಐಪಿವಿ4 ವಿಳಾಸ ಹೇಳುವುದು ಎ ರೆಕಾರ್ಡ್. ಐಪಿವಿ6 ಹೇಳುವುದು ಎಎಎಎ, ಬಾಯಲ್ಲಿ ಕ್ವಾಡ್ ಎ. ಹಳೆಯ ಎ ರೆಕಾರ್ಡನ್ನು ಮುಟ್ಟಬೇಡಿ, ಅದರ ಪಕ್ಕದಲ್ಲಿ ಇದನ್ನು ಸೇರಿಸಿ. ಟಿಟಿಎಲ್ (ಈ ಉತ್ತರವನ್ನು ಬೇರೆಯವರು ಎಷ್ಟು ಸೆಕೆಂಡ್ ನೆನಪಿಟ್ಟುಕೊಳ್ಳಬಹುದು ಎಂಬ ಲೆಕ್ಕ) 300 ಇರಲಿ. ಏನಾದರೂ ಕೆಟ್ಟರೆ ರೆಕಾರ್ಡ್ ಅಳಿಸಿದ ಐದು ನಿಮಿಷಕ್ಕೆ ಬಹುಪಾಲು ಮೊದಲಿನಂತಾಗುತ್ತದೆ.

ಒಂದು ಕೆಲಸದ ದಿನ ಬೆಳಿಗ್ಗೆ ಸೇರಿಸಿ. ಶುಕ್ರವಾರ ಸಂಜೆ ಬೇಡ.

ಡಿಗ್ ಎಎಎಎ ಎಂದು ನಿಮ್ಮ ಡೊಮೇನ್ ಹೆಸರು ಕೊಟ್ಟು ಉತ್ತರ ಬರುತ್ತಿದೆಯೇ ನೋಡಿ. ಆಮೇಲೆ ಕರ್ಲ್ -4 ಮತ್ತು ಕರ್ಲ್ -6, ಈ ಸಲ ಯಾವ ಉಪಾಯವೂ ಇಲ್ಲದೆ.

7. ಮರುದಿನದ ಕೆಲಸ

ಸರ್ಟಿಫಿಕೇಟ್ ರಿನ್ಯೂವಲ್‌ಗೆ ಅಣಕು ಓಟ ಮಾಡಿಸಿ: ಸರ್ಟ್‌ಬಾಟ್ ರಿನ್ಯೂ --ಡ್ರೈ-ರನ್. ಇದನ್ನು ಬಿಟ್ಟು ನಾನೇ ಪೆಟ್ಟು ತಿಂದಿದ್ದೇನೆ. ಹಳೆಯ ಸರ್ವರಿನ ಎಎಎಎ ಒಂದು ಉಳಿದುಹೋಗಿತ್ತು, ತಿಳಿದದ್ದು ಸರ್ಟಿಫಿಕೇಟ್ ಸತ್ತ ದಿನ. ಎಎಎಎ ಇದ್ದರೆ ಲೆಟ್ಸ್ ಎನ್‌ಕ್ರಿಪ್ಟ್ (ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಸಂಸ್ಥೆ) ತಾಣ ನಿಮ್ಮದೇ ಎಂದು ಪರೀಕ್ಷಿಸಲು ಮೊದಲು ಐಪಿವಿ6 ವಿಳಾಸಕ್ಕೇ ಬರುತ್ತದೆ. ಅಲ್ಲಿ ಉತ್ತರವೇ ಬಾರದೆ ಸಮಯ ಮೀರಿದರೆ ಐಪಿವಿ4 ಪ್ರಯತ್ನಿಸುತ್ತದೆ. ಆದರೆ ಬೇರೆ ಯಾವುದೋ ಸರ್ವರ್ ಅಥವಾ ತಪ್ಪು ಬ್ಲಾಕ್ 404 ಎಂದು ಉತ್ತರಿಸಿದರೆ ಅದನ್ನೇ ಉತ್ತರವೆಂದು ನಂಬಿ ಹೊರಟುಹೋಗುತ್ತದೆ.

ತಾಣದ ಮೇಲೆ ಕಣ್ಣಿಡುವ ಸೇವೆ ಬಳಸುತ್ತಿದ್ದರೆ ಐಪಿವಿ4ಗೆ ಒಂದು, ಐಪಿವಿ6ಗೆ ಒಂದು ಎಂದು ಎರಡು ತಪಾಸಣೆ ಇಡಿ. ಒಂದೇ ಇದ್ದರೆ ಅದೂ ಬ್ರೌಸರಿನಂತೆ ಸುಳ್ಳು ಸಮಾಧಾನ ಹೇಳೀತು.

ಆಕ್ಸೆಸ್ ಲಾಗ್ ತೆರೆದು ಸಾಲಿನ ಮೊದಲಲ್ಲಿ ಕೋಲನ್ ಇರುವ ವಿಳಾಸಗಳನ್ನು ಎಣಿಸಿ. ಮೊಬೈಲ್ ಓದುಗರು ಹೆಚ್ಚಿರುವ ತಾಣದಲ್ಲಿ ಅವು ಮೊದಲ ಗಂಟೆಯಲ್ಲೇ ಧಾರಾಳವಾಗಿ ಕಾಣಬೇಕು. ಬೆರಳೆಣಿಕೆಯಷ್ಟೇ ಇದ್ದರೆ ಎಲ್ಲೋ ಬ್ರೌಸರುಗಳು ಸೋತು ಐಪಿವಿ4ಗೆ ಮರಳುತ್ತಿವೆ ಎಂದೇ ಲೆಕ್ಕ, 2ನೇ ಹಂತಕ್ಕೆ ಹಿಂತಿರುಗಿ. ಒಂದು ವಾರ ದೂರು ಬರದಿದ್ದರೆ ಟಿಟಿಎಲ್ ಅನ್ನು 3600ಕ್ಕೆ ಏರಿಸಿ.